ದಿಲಾವರ ಮಾಸ್ತರರ ಕಣ್ಣಳತೆ

ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಉಮದಿಯಲ್ಲಿ ಪಾಠ ಹೇಳುವವನಿಗೆ ಗುರೂಜಿ ಎನ್ನುತ್ತಾರೆ, ಬಟ್ಟೆ ಹೊಲಿಯುವವನಿಗೆ ಮಾಸ್ತರ ಎನ್ನುತ್ತಾರೆ. ಎರಡರಲ್ಲಿ ಯಾವುದಕ್ಕೆ ಮರ್ಯಾದೆ ಹೆಚ್ಚು ಎಂಬುದನ್ನು ಇಪ್ಪತ್ತೆರಡು ವರ್ಷ ಕನ್ನಡ ಸಾಲೆಯಲ್ಲಿ ಗುರೂಜಿಯಾಗಿರುವ ನಾನು ಹೇಳಬಲ್ಲೆ: ಮಾಸ್ತರನಿಗೆ. ನಾನು ಕಲಿಸಿದ ವ್ಯಾಕರಣ ಹುಡುಗರ ತಲೆಯಲ್ಲಿ ಮೂರು ದಿನ ನಿಲ್ಲುತ್ತಿರಲಿಲ್ಲ. ದಿಲಾವರ ಮಾಸ್ತರರು ಹೊಲಿದ ಚಡ್ಡಿ ಅಣ್ಣನಿಂದ ತಮ್ಮನಿಗೆ ಇಳಿದು, ತಮ್ಮನಿಂದ ಸೈಕಲ್ ಒರೆಸುವ ಅರಿವೆಯಾಗಿ, ಹತ್ತು ವರ್ಷ ಬಾಳುತ್ತಿತ್ತು.

ಅವರ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೆ. ವಿಜಯಪುರದ ಬಸ್ಸು ಬಂದು ನಿಂತರೆ ಇಳಿಯುವವರನ್ನೆಲ್ಲ ಮಾಸ್ತರರು ಕುಳಿತಲ್ಲಿಂದಲೇ ಅಳೆದು ಮುಗಿಸುತ್ತಿದ್ದರು. ಕೊರಳಲ್ಲಿ ಟೇಪು ಇರುತ್ತಿತ್ತು ನಿಜ. ಆದರೆ ಅದು ಬರೀ ಆಭರಣ.

"ಶಿವಯೋಗೆಪ್ಪಾ, ಸೊಂಟ ಒಂದೂವರಿ ಇಂಚ ಹೆಚ್ಚಾಗೇದಲ್ಲೋ! ಮಗಳ ಮನ್ಯಾಗ ಹೋಳಿಗಿ ಚಲೋ ಇದ್ದವೇನು?"

ಶಿವಯೋಗೆಪ್ಪ ಸಿಟ್ಟಿಗೆದ್ದು, ಅದೇ ಟೇಪನ್ನು ಕಸಿದು ನಾಲ್ಕು ಜನರ ಮುಂದೆ ಸೊಂಟ ಸುತ್ತಿಕೊಂಡು ನೋಡಿದ. ಒಂದೂವರೆ ಇಂಚು. ಅಂದಿನಿಂದ ಉಮದಿಯ ಸುತ್ತ ಹತ್ತು ಹಳ್ಳಿಗೆ ಅವರು ಕಣ್ಣಳತಿ ಮಾಸ್ತರ ಆದರು. "ಟೇಪು ಇರೂದು ಕಣ್ಣಿಲ್ಲದವರಿಗೆ" ಎಂದು ಅವರು ಹೇಳುತ್ತಿದ್ದ ಮಾತು ನಮ್ಮಲ್ಲಿ ಗಾದೆಯಾಯಿತು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರಿಗೆ ನಾನೂ ಅದನ್ನೇ ತಿರುಗಿಸಿ, ಕಾಪಿ ಇರೂದು ತಲಿ ಇಲ್ಲದವರಿಗೆ ಎಂದು ಹೇಳುತ್ತಿದ್ದೆ.

ಹನ್ನೊಂದನೆಯ ವಯಸ್ಸಿಗೆ ವಿಜಯಪುರದ ಉಸ್ತಾದನೊಬ್ಬನ ಕೈಕೆಳಗೆ ಗುಂಡಿ ಹಚ್ಚಲು ಕುಳಿತವರು ಅವರು. ಎಪ್ಪತ್ತೆಂಟನೆಯ ಇಸವಿಯಲ್ಲಿ ಊರಿಗೆ ಮರಳಿ ಅಂಗಡಿ ತೆರೆದರು. ಹೆಂಡತಿ ಬಿಬಿಜಾನ ಭಾಭಿ ಹಿಂದಿನ ಕೋಣೆಯಲ್ಲಿ ಕುಳಿತು ಕಾಜ ಹೊಲಿಯುತ್ತಿದ್ದರು. ಗುಂಡಿ ತೂರುವ ಆ ಸಣ್ಣ ಕಿಂಡಿಗಳನ್ನು ನೂರು ಹೊಲಿದರೂ ನೂರೂ ಒಂದೇ ಅಳತೆಯಲ್ಲಿ ಇರಬೇಕೆಂಬುದು ಆ ಮನೆಯ ಧರ್ಮ. ಎಂಬತ್ತೆಂಟರಲ್ಲಿ ಸೊರಡಿಯ ಸಿದರಾಯ ಕೆಲಸಕ್ಕೆ ಸೇರಿದ. ಮಾಸ್ತರರು ಕತ್ತರಿಸಬೇಕು, ಸಿದರಾಯ ಹೊಲಿಯಬೇಕು. ಮಾತು ಎಲ್ಲ ಮಾಸ್ತರರದು. ಸಿದರಾಯನ ಪಾಲಿಗೆ "ಹೂಂ ರೀ", "ಆತರೀ" ಎಂಬ ಎರಡು ಮಾತು ಮಾತ್ರ ಉಳಿದಿದ್ದವು. ಅವನ್ನೂ ಅವನು ಕಾಯ್ದು ಬಳಸುತ್ತಿದ್ದ.

ತೊಂಬತ್ತಾರರಲ್ಲಿ ಕಾಲಿನ ಗಾಯ ಮಾಯದೆ ವಿಜಯಪುರಕ್ಕೆ ಹೋದಾಗ ಮಾಸ್ತರರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಆ ದಿನಗಳಲ್ಲಿ ನಮ್ಮೂರಿನಲ್ಲಿ ಸಕ್ಕರೆ ಕಾಯಿಲೆ ಎಂದರೆ ಒಂದು ಪದವಿ. ಬಂದವರು ಚಹದ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ "ನನಗ ಬಿನ್ ಸಕ್ಕರಿ ಚಾ" ಎಂದು ಕೂಗಿ ಹೇಳುತ್ತಿದ್ದರು. ಮಾಸ್ತರರು ಮಾತ್ರ ಯಾರಿಗೂ ಹೇಳಲಿಲ್ಲ. ಯಾಕೆಂದರೆ ಅದೇ ಚಹದ ಅಂಗಡಿಯಲ್ಲಿ ಯಾರೋ ಒಬ್ಬರು, ಆ ಬ್ಯಾನಿ ಕಡೆಗೆ ಕಣ್ಣಿಗೆ ಇಳೀತದ ಎಂದದ್ದು ಅವರ ಕಿವಿಗೆ ಬಿದ್ದಿತ್ತು. ಕಣ್ಣಳತಿ ಮಾಸ್ತರನಿಗೆ ಕಣ್ಣೇ ಬಂಡವಾಳ. ಬಂಡವಾಳಕ್ಕೆ ಹುಳ ಹತ್ತಿದೆ ಎಂದು ಯಾವ ವ್ಯಾಪಾರಿ ಬೋರ್ಡು ಹಾಕುತ್ತಾನೆ?

ಎರಡು ಸಾವಿರದ ಇಸವಿಯ ಹೊತ್ತಿಗೆ ಅಂಗಡಿಯಲ್ಲಿ ಸಣ್ಣಪುಟ್ಟ ಬದಲಾವಣೆಗಳು ಆದವು. ಕತ್ತರಿಸುವ ಮೇಜು ಒಳಗಿನಿಂದ ಬಾಗಿಲಿಗೆ ಬಂತು. ಕೇಳಿದರೆ, "ಗಾಳಿ ಬರತದ ಗುರೂಜಿ." ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವ ಕೆಲಸ ಭಾಭಿಯವರದಾಯಿತು. ನಾನು ಅದನ್ನು ದಾಂಪತ್ಯದ ಪ್ರೀತಿ ಎಂದು ತಿಳಿದು, ಮನೆಗೆ ಹೋಗಿ ನನ್ನವಳಿಗೆ ಉದಾಹರಣೆ ಕೊಟ್ಟೆ. ಸಿದರಾಯನಿಗೂ ಒಂದು ಹೊಸ ಚಟ ಹತ್ತಿತು: ಬಂದ ಬಟ್ಟೆಗಳಲ್ಲಿ ಕೆಲವಕ್ಕೆ, ಆಮೇಲೆ ಅವುಗಳ ಕತ್ತರಿಸಿದ ತುಂಡುಗಳಿಗೂ, ಮೂಲೆಯಲ್ಲಿ ಬಿಳಿ ದಾರದ ಒಂದು ಟಾಕಾ, ಒಂದೇ ಒಂದು ಹೊಲಿಗೆ, ಹಾಕಿಡುತ್ತಿದ್ದ.

"ಏನೋ ಇದು, ಅರಿವಿಗೆ ವಿಭೂತಿ ಹಚ್ಚಿದಂಗ?" ಎಂದು ಮಾಸ್ತರರು ನಗಾಡಿದರು.

"ಅದಲಬದಲ ಆಗಬಾರದಂತ್ರೀ" ಎಂದ ಸಿದರಾಯ. ಅವನ ಬಾಯಿಂದ ಅಷ್ಟು ಉದ್ದನೆಯ ಮಾತು ಬಂದದ್ದಕ್ಕೇ ನಾವೆಲ್ಲ ಬೆರಗಾದೆವು. ಅದರ ಅರ್ಥ ಏನೆಂದು ಯಾರೂ ಕೇಳಲಿಲ್ಲ.

ಎರಡು ಸಾವಿರದ ಎರಡರಲ್ಲಿ ತಾಲೂಕಿನವರು ನನ್ನನ್ನು ಆದರ್ಶ ಶಿಕ್ಷಕನೆಂದು ಆರಿಸಿದರು. ಹಿಂದಿನ ವರ್ಷ ಆರಿಸಬೇಕಿತ್ತು, ಇರಲಿ. ಸೆಪ್ಟೆಂಬರ್ ಐದಕ್ಕೆ ಜತ್ತದಲ್ಲಿ ಸಮಾರಂಭ. ಆದರ್ಶಕ್ಕೆ ಕೋಟು ಬೇಕೆಂದು ನನಗೆ ನಾನೇ ತೀರ್ಮಾನಿಸಿ, ಕಡುನೀಲಿ ಬಟ್ಟೆ ತಂದು ಮಾಸ್ತರರ ಮೇಜಿನ ಮೇಲೆ ಹಾಸಿದೆ. ಅದೇ ವಾರ ಜತ್ತದ ವಕೀಲರೊಬ್ಬರು ತಮ್ಮ ಕರಿ ಕೋಟಿಗೆ ಬಟ್ಟೆ ಕೊಟ್ಟು ಹೋಗಿದ್ದರು. ಎರಡೂ ಒಂದರ ಮೇಲೊಂದು ಬಿದ್ದಿದ್ದವು.

ಎರಡು ದಿನ ಬಿಟ್ಟು ಅಳತೆ ನೋಡಲು ಹೋದಾಗ ಸಿದರಾಯನ ಸ್ಟೂಲು ಖಾಲಿ ಇತ್ತು.

"ಸಿದರಾಯ ಎಲ್ಲಿ ಕಾಣವಲ್ಲ?"

"ಬಸುರಿ ಮಗಳಿಗೆ ಕುಬಸಾ ಮಾಡಲಾಕ ಸೊರಡಿಗೆ ಹೋಗ್ಯಾನ್ರೀ, ನಾಕ ದಿನ ಬರೂದಿಲ್ಲ. ಚಿಂತಿ ಮಾಡಬ್ಯಾಡ್ರಿ, ನಿಮ್ಮ ಕೋಟ ನನ್ನ ಕೈಯಾಗ ಅದ."

ನಾಲ್ಕನೆಯ ತಾರೀಖಿನ ಸಂಜೆ ಬಲ್ಬಿನ ಹಳದಿ ಬೆಳಕಿನಲ್ಲಿ ಕೋಟು ಹಾಕಿ ನೋಡಿದೆ. ಹೆಗಲು, ತೋಳು, ಬೆನ್ನು, ಎಲ್ಲ ಅಚ್ಚಿನಲ್ಲಿ ಹೊಯ್ದಂತೆ. ಮರುದಿನ ಜತ್ತದಲ್ಲಿ ಶಾಲು ಹೊದ್ದು, ನಾರಿಯಳ ಹಿಡಿದು, ಫೋಟೊ ತೆಗೆಸಿಕೊಳ್ಳಲು ಬಿಸಿಲಿಗೆ ಬಂದು ನಿಂತೆವು. ಶಿಕ್ಷಣ ಖಾತೆಯ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರಾಠಿಯಲ್ಲಿ, "ಗುರೂಜಿ, ಎರಡು ಕೋಟು ಕೂಡಿಸಿ ಒಂದು ಮಾಡಿಸಿದ್ದೀರೇನು?" ಎಂದರು. ಬಗ್ಗಿ ನೋಡಿಕೊಂಡೆ. ಎಡಗಡೆಯ ಪಾಲು ನೀಲಿ. ಬಲಗಡೆಯ ಎದೆ ಮತ್ತು ತೋಳು ಕರಿ. ಅರ್ಧ ಗುರೂಜಿ, ಅರ್ಧ ವಕೀಲ.

ಪತ್ರಿಕೆಯವರು ಫೋಟೊವನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ ನನ್ನ ಮಾನ ಉಳಿಸಿದರು. ಊರಿಗೆ ಬಂದು ಕೂಗಾಡಿ ಅದನ್ನು ಕಳೆದುಕೊಂಡವನು ನಾನೇ. ಸಂತೆಯ ದಿನ, ಅಂಗಡಿಯ ಮುಂದೆ ಇಪ್ಪತ್ತು ಜನ ಇದ್ದಾಗ, ಕೋಟನ್ನು ಮೇಜಿನ ಮೇಲೆ ಎಸೆದೆ.

"ಏನ ಮಾಸ್ತರ, ನನ್ನ ಬಣ್ಣಬಣ್ಣದ ಚಿಂದಿ ಉಟ್ಟ ಕುಣಿಯೂ ಪೋತರಾಜನ್ನ ಮಾಡಿದ್ರೇನು?"

ಮಾಸ್ತರರು ಕೋಟನ್ನು ಬಾಗಿಲ ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. ಯಾಕೆಂದರೆ ಅವರಿಗೆ ಏನೂ ಕಂಡಿರಲಿಲ್ಲ. ಆದರೆ ಅದು ನಮಗೆ ಗೊತ್ತಾದದ್ದು ಎರಡು ವರ್ಷದ ಮೇಲೆ.

"ಏನಾಗೇದ್ರೀ?"

"ಏನಾಗೇದ? ಅರ್ಧಾ ಕರಿ, ಅರ್ಧಾ ನೀಲಿ! ಊರಾಗ ಎಲ್ಲಾರೂ ನೋಡ್ರಿ, ಕಣ್ಣಳತಿ ಮಾಸ್ತರನ ಕೆಲಸಾ!"

ಮಾಸ್ತರರು ಕೋಟನ್ನು ಮೆಲ್ಲಗೆ ಕೆಳಗಿಟ್ಟು, ಮಷಿನ್ ಮುಂದೆ ಕುಳಿತಿದ್ದ ಸಿದರಾಯನ ಕಡೆ ತಿರುಗಿದರು.

"ಕಣ್ಣ ಎಲ್ಲಿ ಇಟ್ಟಿದ್ದೆಲೇ? ನಾ ಕತ್ತರಸಿ ಕೊಟ್ಟದ್ದನ್ನ ನೋಡಿ ಹೊಲೀಲಾಕ ಬರೂದಿಲ್ಲೇನು?"

ಸಿದರಾಯ ತಲೆ ಎತ್ತಿದ. ಮಾಸ್ತರರನ್ನು ಒಂದು ಗಳಿಗೆ ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ಆದರ್ಶ ಶಿಕ್ಷಕ. ಅವನಿಗೂ ನಾಲ್ಕು ಮಾತು ಅಂದೆ. ಹದಿನಾಲ್ಕು ವರ್ಷ ದುಡಿದೂ ಬಣ್ಣದ ಗುರುತು ಹತ್ತಲಾರದ ಕತ್ತೆ ಎಂದೆ. ಅವನು "ಹೂಂ ರೀ" ಎನ್ನಲಿಲ್ಲ, "ಆತರೀ" ಎನ್ನಲಿಲ್ಲ. ತನ್ನ ಕತ್ತರಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಸೊರಡಿಯ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ.

ಆಮೇಲೆ ಎರಡು ವರ್ಷ ಮಾಸ್ತರರು ಬಿಳಿ ಬಟ್ಟೆಗಳನ್ನೇ ಹೆಚ್ಚಾಗಿ ಹೊಲಿದರು. ಧೋತರದ ಮೇಲಿನ ಅಂಗಿ, ಪಾಯಜಾಮ, ಟೊಪ್ಪಿಗೆ. ಕಡು ಬಣ್ಣ ತಂದವರಿಗೆ "ಕೆಲಸ ಭಾಳ ಅದ, ಜತ್ತಕ್ಕ ಒಯ್ರಿ" ಎನ್ನುತ್ತಿದ್ದರು. ಮಾಸ್ತರರಿಗೆ ಸೊಕ್ಕು ಬಂದಿದೆ ಎಂದು ಊರು ಮಾತಾಡಿತು. ಸೊಕ್ಕು ಎನಿಸಿಕೊಳ್ಳುವುದು ಅವರಿಗೆ ಬೇಕಾಗಿಯೇ ಇತ್ತೆಂದು ಕಾಣುತ್ತದೆ. ಕುರುಡು ಎನಿಸಿಕೊಳ್ಳುವುದಕ್ಕಿಂತ ಅದು ಚಲೋ.

ಎರಡು ಸಾವಿರದ ನಾಲ್ಕರಲ್ಲಿ, ಎತ್ತುಗಳಿಗೆ ಬಣ್ಣ ಬಳಿಯುವ ಕಾರಹುಣ್ಣಿಮೆಯ ಮುಂದೆ, ಮಿರಜದ ಕಣ್ಣಿನ ಡಾಕ್ಟರರ ತಂಡವೊಂದು ನಮ್ಮ ಸಾಲೆಯಲ್ಲಿ ಎರಡು ದಿನ ಶಿಬಿರ ಹಾಕಿತು. ಸಕ್ಕರೆ ಕಾಯಿಲೆ ಇದ್ದವರ ಮತ್ತು ಇಲ್ಲದವರ ಕಣ್ಣಿನ ಹಿಂಬದಿಯ ಪರದೆಯಲ್ಲಿ ಒಂದು ಬಗೆಯ ಹಳದಿ ಬಣ್ಣ ಎಷ್ಟಿದೆ ಎಂದು ಅಳೆದು ಹೋಲಿಸಿ ನೋಡುವುದು ಅವರ ಕೆಲಸ. ಜೊತೆಗೆ ಕಣ್ಣಿನ ತಪಾಸಣೆ. ನಾನು ಎದೆಗೆ "ಸಂಯೋಜಕ" ಎಂಬ ಬಿಲ್ಲೆ ಚುಚ್ಚಿಕೊಂಡು, "ಮಧುಮೇಹಿಗಳ ಅಕ್ಷಿಪಟಲ ವರ್ಣದ್ರವ್ಯ ಮಾಪನ ಶಿಬಿರ" ಎಂಬ ಬ್ಯಾನರು ಬರೆಸಿ ಕಟ್ಟಿಸಿದೆ. ಅದರಲ್ಲಿ ಒಂದು ಶಬ್ದವೂ ಯಾರಿಗೂ ತಿಳಿಯಲಿಲ್ಲವೆಂಬುದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು. ಬೆಳಿಗ್ಗೆ ಏಳಕ್ಕೇ ಕುಣಿಕೋಣೂರಿನ ಮಲಕಾಜಪ್ಪ ಬಂದು ನಿಂತ.

"ಗುರೂಜಿ, ಬಣ್ಣಾ ಹಂಚತೀರಂತ. ಕೆಂಪ ಇದ್ರ ಒಂದ ಡಬ್ಬಿ ಕೊಡ್ರಿ, ಎತ್ತಿನ ಕೋಡಿಗಿ ಬೇಕು."

ಬಣ್ಣದ ಬದಲು ಅವನ ಬೆರಳು ಚುಚ್ಚಿ ರಕ್ತ ತೆಗೆದರು. ಸಕ್ಕರೆ ಇನ್ನೂರ ಅರವತ್ತು. ಗುಳಿಗೆಯ ಪೊಟ್ಟಣ ಹಿಡಿದು, ಶಿಬಿರಕ್ಕೂ ನನಗೂ ಬೈಯುತ್ತಾ ಹೋದ. ಸಕ್ಕರೆ ಇಲ್ಲದವರ ಪಟ್ಟಿಯಲ್ಲಿ ಮೊದಲನೆಯ ಹೆಸರು ನನ್ನದೇ ಬರೆಸಿದ್ದೆ, ಜನರಿಗೆ ಮಾದರಿಯಾಗಲೆಂದು. ಮಧ್ಯಾಹ್ನದ ಹೊತ್ತಿಗೆ ಸಿಸ್ಟರ್ ಒಬ್ಬರು ಅದನ್ನು ಹೊಡೆದುಹಾಕಿ ಇನ್ನೊಂದು ಪಟ್ಟಿಯ ಕೊನೆಗೆ ಬರೆದರು.

ಎರಡನೆಯ ದಿನ ಬಿಬಿಜಾನ ಭಾಭಿ ಗಂಡನನ್ನು ಕರೆದುಕೊಂಡು ಬಂದರು. ಕರೆದುಕೊಂಡು ಎಂದೆನಲ್ಲ, ಎಳೆದುಕೊಂಡು ಎಂದು ಓದಿಕೊಳ್ಳಬೇಕು.

"ನನ್ನ ಕಣ್ಣಿಗೆ ಏನಾಗೇದಂತ? ಗುರೂಜಿ ಕರದಾರಂತ ಬಂದೀನಿ ಅಷ್ಟ."

"ಹೌದಪಾ, ಗುರೂಜಿ ಮಾನ ಕಾಯಲಾಕ ಬಂದೀರಿ. ಕುಂದ್ರಿ ಸುಮ್ಮಕ" ಎಂದರು ಭಾಭಿ.

ಶಿಬಿರದ ಡಾಕ್ಟರು ಹೆಂಗಸು, ನಮ್ಮ ಕಡೆಯ ಮಾತಿನಲ್ಲಿ ಬಾಯಿಯವರು; ಅವರ ತಾಯಿಯ ತವರು ಅಥಣಿಯಂತೆ. ಹಾಗಾಗಿ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರ ಮುಂದೆ ಒಂದು ಕಪ್ಪು ಪೆಟ್ಟಿಗೆ. ನೋಡಲು ಒಂದು ಕಿಂಡಿ, ಬದಿಯಲ್ಲಿ ಒಂದು ತಿರುಪು, ಅದು ಎಷ್ಟು ಹಲ್ಲು ತಿರುಗಿತೆಂದು ತೋರಿಸುವ ಒಂದು ಮುಳ್ಳು. ಒಳಗೆ ನೀಲಿ ಬೆಳಕೂ ಹಸಿರು ಬೆಳಕೂ ಒಂದರ ಬೆನ್ನಿಗೊಂದು ಮಿಣಕುತ್ತಿರುತ್ತವೆ. ತಿರುಪು ತಿರುಗಿಸುತ್ತಾ ಹೋದರೆ ನೀಲಿ ಹೆಚ್ಚಾಗುತ್ತದೆ. ಎಲ್ಲೋ ಒಂದು ಕಡೆ ಎರಡೂ ಸಮನಾಗಿ ಮಿಣಕುವುದು ನಿಲ್ಲುತ್ತದೆ. ನಿಂತಿತು ಎಂದಾಗ ಹೇಳಬೇಕು. ಹೀಗೆ ಐದು ಸಲ.

"ಕಣ್ಣೊಳಗ ಒಂದ ಹಳದಿ ಚಷ್ಮಾ ಅದ ಅಂತ ತಿಳೀರಿ. ಅದು ನೀಲಿ ಬೆಳಕ ತಡೀತದ. ಯಾರ ಚಷ್ಮಾ ಎಷ್ಟ ದಪ್ಪ ಅದ ಅಂತ ನೋಡತೀವಿ. ಇದರಾಗ ಪಾಸೂ ಇಲ್ಲ, ಫೇಲೂ ಇಲ್ಲ" ಎಂದರು ಬಾಯಿಯವರು.

ಕೊನೆಯ ಮಾತು ಮಾಸ್ತರರ ಕಿವಿಗೆ ಹೋಗಲಿಲ್ಲ. ಅವರು ಪರೀಕ್ಷೆಗೆ ಬಂದಿದ್ದರು, ಪಾಸಾಗಿಯೇ ಹೋಗಬೇಕು. ಸಾಲಿನಲ್ಲಿ ಅವರ ಮುಂದೆ ಸಕ್ಕರೆ ಇಲ್ಲದವರ ಲೆಕ್ಕದಲ್ಲಿ ಭಾಭಿ ಇದ್ದರು. ಭಾಭಿ ತಿರುಪು ತಿರುಗಿಸಿದಂತೆ ಅದರ ಹಲ್ಲುಗಳು ಟಕ್, ಟಕ್ ಎಂದು ಸಪ್ಪಳ ಮಾಡುತ್ತಿದ್ದವು. ಪಕ್ಕದ ಬೆಂಚಿನಲ್ಲಿ ಮಾಸ್ತರರು ಕಣ್ಣು ಮುಚ್ಚಿ ಕುಳಿತಿದ್ದರು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಎಣಿಸುತ್ತಿದ್ದರು.

ಅವರ ಪಾಳಿ ಬಂತು. ಕಿಂಡಿಗೆ ಕಣ್ಣಿಟ್ಟರು, ತಿರುಪಿಗೆ ಕೈ ಇಟ್ಟರು. ಗಂಭೀರವಾಗಿ ತಿರುಗಿಸಿ, "ನಿಂತಿತ್ರೀ" ಎಂದರು. ಹದಿನೇಳು. ಬಾಯಿಯವರು ಬರೆದುಕೊಂಡು, ತಿರುಪನ್ನು ಹಿಂದಕ್ಕೆ ತಂದರು. ಎರಡನೆಯ ಸಲವೂ ಹದಿನೇಳು. ಮೂರು, ನಾಲ್ಕು, ಐದು, ಎಲ್ಲ ಹದಿನೇಳು. ನನಗೆ ಎದೆ ಉಬ್ಬಿತು. "ಬಾಯೀ, ಇವರ ಕಣ್ಣ ಅಂದ್ರ ಏನ ತಿಳಿದೀರಿ? ಹತ್ತ ಹಳ್ಳಿಗೆ ಹೆಸರಾದ ಕಣ್ಣು" ಎಂದೆ.

ಬಾಯಿಯವರು ಕಾಗದವನ್ನು ನೋಡಿದರು, ಮಾಸ್ತರರನ್ನು ನೋಡಿದರು. ಆಮೇಲೆ "ಇನ್ನೊಮ್ಮೆ ಮಾಡೋಣ್ರೀ" ಎಂದು, ಈ ಸಲ ತಿರುಪನ್ನು ಪೂರ್ತಿ ಹಿಂದಕ್ಕೆ ತರದೆ ಐದು ಹಲ್ಲು ಮುಂದೆಯೇ ಬಿಟ್ಟರು. ಮಾಸ್ತರರು ತಿರುಗಿಸಿದರು. ಟಕ್, ಟಕ್, ಟಕ್. ಹದಿನೇಳು ಹಲ್ಲು ದಾಟಿದ ಮೇಲೆ ಕೈ ನಿಲ್ಲಿಸಿ ಹೇಳಿದರು:

"ನಿಂತಿತ್ರೀ."

ಮುಳ್ಳು ಇಪ್ಪತ್ತೆರಡರ ಮೇಲೆ ನಿಂತಿತ್ತು.

ಬಾಯಿಯವರು ಪೆನ್ನು ಕೆಳಗಿಟ್ಟರು. "ಮಾಸ್ತರ, ಉಳಿದ ಮಂದಿದು ಒಮ್ಮೆ ಹದಿನಾರು ಬರತದ, ಒಮ್ಮೆ ಹತ್ತೊಂಬತ್ತು ಬರತದ. ನಿಮ್ಮ ಮನಿಯವರದೂ ಹಂಗ ಬಂತು. ನಿಮ್ಮದು ಐದಕ್ಕ ಐದೂ ಕಾಜ ಹೊಲಿದಂಗ ಒಂದ ಅಳತಿ. ಇದು ಕಣ್ಣಿನ ಕೆಲಸ ಅಲ್ರಿ, ಕೈದು. ಖರೇ ಹೇಳ್ರಿ, ಒಳಗ ಮಿಣಕೂದು ಕಾಣತದೇನು?"

ಮಾಸ್ತರರು ಕಿಂಡಿಯಿಂದ ಮುಖ ತೆಗೆಯಲಿಲ್ಲ. ತೆಗೆದರೆ ನಾವು ಕಾಣುತ್ತಿದ್ದೆವು.

"ಬೆಳಕ ಕಾಣತದ್ರಿ" ಎಂದರು.

"ಮಿಣಕತದೇನು?"

"ಇಲ್ರಿ. ಮೊದಲಿಂದನೂ ನಿಂತಂಗ ಅದ."

"ನೀಲಿ ಕರಿ ಗುರುತ ಹತ್ತತಾವ?"

ಇದಕ್ಕೆ ಮಾಸ್ತರರು ಉತ್ತರ ಕೊಟ್ಟದ್ದು ಬಾಯಿಯವರಿಗಲ್ಲ. ಕಿಂಡಿಯಿಂದ ಮುಖ ತೆಗೆದು ನನ್ನ ಕಡೆ, ಅಂದರೆ ನಾನು ಇರಬಹುದಾದ ಕಡೆ, ತಿರುಗಿದರು.

"ಗುರೂಜಿ, ನಿಮ್ಮ ಕೋಟು ನಾನ ಕತ್ತರಸೀನ್ರಿ, ನಾನ ಹೊಲಿದೀನ್ರಿ. ಸಿದರಾಯ ಊರಾಗ ಇದ್ದಿದ್ದಿಲ್ಲ."

ಭಾಭಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಚ್ಚರಿಪಟ್ಟಂತೆ ಹುಬ್ಬು ಏರಿಸಿದೆ. ಹುಬ್ಬು ಏರಿಸಿದ್ದೂ ಸುಳ್ಳೇ. ಖಾಲಿ ಸ್ಟೂಲನ್ನು ನಾನೇ ಕಂಡಿದ್ದೆ, ನಾನೇ ಕೇಳಿದ್ದೆ, ಕುಬಸ ಎಂದು ಅವರೇ ಹೇಳಿದ್ದರು. ಸಂತೆಯಲ್ಲಿ ಕೂಗಾಡುವಾಗ ಅದು ನೆನಪಾಗಿರಲಿಲ್ಲ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ನೆನಪಾಗಿತ್ತು. ಸಿದರಾಯ ತಲೆ ಎತ್ತಿ ನನ್ನನ್ನು ನೋಡಿದಾಗಲೇ ನೆನಪಾಗಿತ್ತು. ಆದರೆ ಸಿಟ್ಟು ಅಷ್ಟು ದೂರ ಹೋದ ಮೇಲೆ ಹಿಂದೆ ಕರೆಯುವುದು ಆದರ್ಶ ಶಿಕ್ಷಕನಿಗೆ ಶೋಭಿಸುವುದಿಲ್ಲ ಎನಿಸಿತ್ತು.

ಬಾಯಿಯವರು ಕಣ್ಣಿಗೆ ಔಷಧಿ ಹಾಕಿ, ದೀಪ ಹಿಡಿದು ಒಳಗೆ ನೋಡಿದರು. ಪರದೆಯ ಮೇಲೆ ರಕ್ತದ ಚುಕ್ಕೆಗಳಿವೆ, ಬಾವು ಇದೆ, ಎಂಟು ದಿನದೊಳಗೆ ಮಿರಜಕ್ಕೆ ಬಂದು ಲೇಸರ್ ಮಾಡಿಸಿಕೊಳ್ಳಬೇಕು ಎಂದರು. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಬಹುದು.

"ಬರತೀನ್ರಿ. ಮೊದಲ ಸೊರಡಿಗೆ ಹೋಗಿ ಬರತೀನಿ."

"ಸೊರಡ್ಯಾಗ ಯಾವ ಡಾಕ್ಟರ ಇದ್ದಾರ?"

"ಡಾಕ್ಟರ ಅಲ್ರಿ. ಟೇಲರ."

ಮರುದಿನ ನಾವಿಬ್ಬರೂ ಸೊರಡಿಗೆ ಹೋದೆವು. ಅಂದು ಸಂತೆಯಿಂದ ತಿರುಗಿ ತಂದು ನನ್ನ ಟ್ರಂಕಿನಲ್ಲಿ ಮಡಿಚಿಟ್ಟಿದ್ದ ಕೋಟನ್ನು ಮಾಸ್ತರರು ಕೇಳಿ ಇಸಿದುಕೊಂಡು ಚೀಲದಲ್ಲಿ ಹಾಕಿಕೊಂಡಿದ್ದರು. ಸಿದರಾಯ ತನ್ನ ಮನೆಯ ಕಟ್ಟೆಯ ಮೇಲೆ ಮಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಹದಿನಾಲ್ಕು ವರ್ಷದ ರೂಢಿ. "ಬರ್ರಿ" ಎಂದ. ಅವನ ಹೆಂಡತಿ ಮಾಯಕ್ಕ ನೀರು ತಂದಿಟ್ಟಳು, ಇಟ್ಟ ರೀತಿಯಲ್ಲೇ ತಂಬಿಗೆಯ ನೀರು ಅರ್ಧ ಚೆಲ್ಲಿತು.

ಮಾಸ್ತರರು ಕೋಟನ್ನು ತೊಡೆಯ ಮೇಲೆ ಹರವಿಕೊಂಡರು. "ಸಿದರಾಯ, ಇದರಾಗ ಕರಿ ಯಾವ ಬಾಜೂ ಅದ ಹೇಳೋ. ನನಗ ತಿಳೀವಲ್ದು" ಎಂದರು.

ಸಿದರಾಯನ ಎರಡು ಮಾತಿನ ಕೊರತೆಯನ್ನೆಲ್ಲ ತುಂಬಿಕೊಡಲು ಮಾಯಕ್ಕ ಇದ್ದಳು.

"ಈಗ ತಿಳೀವಲ್ದೇನ್ರಿ ಮಾಸ್ತರ? ನಾಕ ವರ್ಷಾತು ನಿಮಗ ತಿಳೀಲಾರದ! ನೀಲಿ ಅರಿವಿಗೆಲ್ಲಾ ಬಿಳಿ ದಾರದ ಟಾಕಾ ಹಾಕಿ ಇಡತಿದ್ದಾಂವ ಯಾರು? ಕರಿದಕ್ಕ ಹಾಕತಿದ್ದಿಲ್ಲ, ನೀಲಿಗಿ ಅಷ್ಟ. ಮಾಸ್ತರ ಕೈ ತಪ್ಪಬಾರದು, ಹೆಸರ ಕೆಡಬಾರದು ಅಂತ. ನನ್ನ ಮುಂದ ಸುದ್ದಾ ಒಂದ ವರ್ಷ ಹೇಳಿದ್ದಿಲ್ಲ ಈ ಮೂಕಬಸವಣ್ಣ! ನಾಕ ದಿನ ಮಗಳ ಕುಬಸಕ್ಕ ಬಂದಿದ್ದಕ್ಕ ನೀವು ಸಂತ್ಯಾಗ ಅವನ ಕಣ್ಣ ಕೇಳಿದ್ರಿ!"

ಮಾಸ್ತರರ ಕೈ ಕೋಟಿನ ಮೂಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು, ಅಲ್ಲಿ ಇಲ್ಲದ ಟಾಕಾವನ್ನು ಹುಡುಕಿದಂತೆ. ಕೋಟಿಗಿಂತ ಮುಂಚಿನ ಎರಡು ವರ್ಷ ಅವರು ತಮ್ಮ ಕಣ್ಣು ಇನ್ನೂ ನಡೆಯುತ್ತಿದೆ ಎಂದು ನಂಬಿದ್ದರಲ್ಲ, ಆ ಕಣ್ಣು ಸಿದರಾಯನದಾಗಿತ್ತು. ಬೈದು ಕಳಿಸಿದ್ದೂ ಅದನ್ನೇ.

"ನನ್ನ ತಪ್ಪಾತೋ ಸಿದರಾಯ" ಎಂದರು. ತಲೆಯ ಮೇಲಿನ ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವರ ಬರಿ ತಲೆಯನ್ನು ನಾನು ಅಂದೇ ಮೊದಲು ಕಂಡದ್ದು.

ಸಿದರಾಯ ಮತ್ತೆ ಮಷಿನ್ ಮುಂದೆ ಕುಳಿತು ಬಾಯಿ ಬಿಟ್ಟ.

"ಅಂದದ್ದು ಎಲ್ಲಿ ರೀ ಮಾಸ್ತರ? ಉಮದಿ ಸಂತ್ಯಾಗ. ಕೇಳಿದವರು ಇಪ್ಪತ್ತ ಮಂದಿ. ಇಲ್ಲಿ ಯಾರ ಅದಾರ? ನಾ, ನನ್ನ ಹೆಂಡ್ತಿ."

"ಗುರೂಜಿ ಅದಾರಲ್ಲೋ."

"ಗುರೂಜಿ ಲೆಕ್ಕಕ್ಕಿಲ್ರಿ" ಎಂದ ಸಿದರಾಯ, ಮತ್ತು ಮಷಿನ್ ತುಳಿಯತೊಡಗಿದ.

ಮುಂದಿನ ಸಂತೆಗೆ ಇನ್ನೂ ನಾಲ್ಕು ದಿನ ಇತ್ತು. ಬಾಯಿಯವರು ಹೇಳಿದ ಎಂಟು ದಿನಗಳಲ್ಲಿ ಎರಡು ಆಗಲೇ ಹೋಗಿದ್ದವು. ಮೊದಲು ಮಿರಜಕ್ಕೆ ಹೋಗಿ ಬರೋಣ, ಸಂತೆ ಎಲ್ಲಿ ಓಡಿಹೋಗುತ್ತದೆ ಎಂದು ನಾನು ಅಂದೆ. "ಮಿರಜದಾಗ ಕಣ್ಣಿಗೆ ಪಟ್ಟಿ ಕಟ್ಟಿದ್ರ, ಅದನ್ನ ನೋಡಿ ಮಂದಿ ಅಯ್ಯೋ ಪಾಪ ಅಂತಾರ್ರೀ ಗುರೂಜಿ. ಪಾಪ ಅನ್ನೂಕಿಂತ ಮೊದಲ ಹೇಳಬೇಕು" ಎಂದರು ಮಾಸ್ತರರು. ಜೀವಮಾನವಿಡೀ ಜನರಿಗೆ ಅಳತೆ ಹೇಳಿದವರು. ಇದರ ಅಳತೆಯೂ ಅವರಿಗೆ ಗೊತ್ತಿತ್ತು.

ಸಂತೆಯ ದಿನ ಹತ್ತು ಗಂಟೆಯ ಬಿಸಿಲಿಗೆ ಕೋಟನ್ನು ಅಂಗಡಿಯ ಬಾಗಿಲ ಮೊಳೆಗೆ ತೂಗುಹಾಕಿದರು. ಯಾರಿಗಾದರೂ ಏನೆಂದು ಕೇಳುವ ತೊಂದರೆ ಕೊಡದೆ ತಾವೇ ಮೆಟ್ಟಿಲಿಗೆ ಬಂದು ನಿಂತರು.

"ಎಲ್ಲಾರೂ ಕೇಳ್ರಿ. ಈ ಕೋಟ ಕೆಡಿಸಿದಾಂವ ನಾನು. ನನಗ ಸಕ್ಕರಿ ಬ್ಯಾನಿ ಅದ, ನೀಲಿ ಕರಿ ಕಾಣೂದಿಲ್ಲ. ಸಿದರಾಯಂದು ಏನೂ ತಪ್ಪಿದ್ದಿಲ್ಲ. ಅವಾ ಊರಾಗ ಸುದ್ದಾ ಇದ್ದಿದ್ದಿಲ್ಲ. ನನ್ನ ಹೆಸರ ಹೋಗಬಾರದಂತ ಅವನ ಹೆಸರ ತಗದೆ."

ಎದುರಿಗೆ ಮೆಣಸಿನಕಾಯಿಯ ಗುಂಪೆ ಹಾಕಿಕೊಂಡು ಕುಳಿತಿದ್ದ ಯಲ್ಲವ್ವ ನಗುತ್ತಾ ಕೈ ಬೀಸಿದಳು. "ಅಯ್ಯ, ನಿಮ್ಮ ಕಣ್ಣಿಂದು ನಮಗ ಗೊತ್ತಿತ್ತ ಬಿಡ್ರಿ ಮಾಸ್ತರ! ನನ್ನ ಕುಬಸಕ್ಕ ಒಂದ ತೋಳ ಹಸರ, ಒಂದ ತೋಳ ನೀಲಿ ಹಚ್ಚಿ ಕೊಟ್ಟಿದ್ರಿ. ಹೊಸಾ ಫ್ಯಾಶನ್ ಇರಬೇಕಂತ ತೊಟಗೊಂಡ ಅಡ್ಡಾಡಿದೆ."

ನಾಲ್ಕೈದು ಜನ ನಕ್ಕರು. ತಂತಮ್ಮ ಮನೆಯ ಅಂಗಿ, ಚಡ್ಡಿಗಳ ಕತೆ ತೆಗೆದರು. ಮಾಸ್ತರರು ನಗಲಿಲ್ಲ.

"ಗೊತ್ತಿತ್ತು? ಮತ್ತ ಸಿದರಾಯ ಬಸ್ ಹತ್ತೂ ಮುಂದ ಒಬ್ಬರ ಸುದ್ದಾ ಯಾಕ ಅನ್ನಲಿಲ್ಲ?"

ಯಲ್ಲವ್ವ ಮೆಣಸಿನಕಾಯಿಯನ್ನು ಸರಿಪಡಿಸಿದಳು. ಶಿವಯೋಗೆಪ್ಪ ಸೊಂಟದ ಪಟ್ಟಿಯನ್ನು ಸರಿಪಡಿಸಿಕೊಂಡ. ನಾನು ಎರಡು ಹೆಜ್ಜೆಯ ದೂರದಲ್ಲೇ ಇದ್ದೆ. ಯಾವ ಸಮಾರಂಭದಲ್ಲೂ ಒಂದು ತಾಸಿಗೆ ಕಡಿಮೆ ಮಾತಾಡದವನು ನನ್ನ ಚಪ್ಪಲಿಯ ಉಂಗುಟವನ್ನು ನೋಡುತ್ತಾ ನಿಂತೆ.

"ಇರಲಿ. ಅನ್ನಬೇಕಾದಾಂವ ನಾ ಇದ್ದೆ" ಎಂದರು ಮಾಸ್ತರರು.

ಬಸ್ ಸ್ಟ್ಯಾಂಡಿನ ಕಡೆಯಿಂದ ಸಿದರಾಯ ಬಂದ. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ. ಮೊಳೆಯಿಂದ ಕೋಟನ್ನು ಇಳಿಸಿದ, ತೋಳುಗಳನ್ನು ಒಳಗೆ ಸೇರಿಸಿ ನೀಟಾಗಿ ಮಡಿಚಿದ.

"ಮೊಳಿಗಿ ಹಿಂಗ ಹಾಕಬ್ಯಾಡ್ರಿ. ಹೆಗಲ ಕೆಡತಾವ" ಎಂದು ಮಾಸ್ತರರ ಕೈಗೆ ಕೊಟ್ಟ. ಮಾಸ್ತರರು ಅವನ ಕೈಯನ್ನೂ ಕೋಟಿನ ಜೊತೆಗೇ ಹಿಡಿದುಕೊಂಡರು. ಅವನು ಬಿಡಿಸಿಕೊಳ್ಳಲಿಲ್ಲ, ಆದರೆ ಸೊರಡಿಯ ಬಸ್ಸು ಹಾರ್ನ್ ಹಾಕಿದಾಗ ಹೋದ. ಕೆಲಸಕ್ಕೆ ತಿರುಗಿ ಬಾ ಎಂದು ಮಾಸ್ತರರು ಕರೆಯಲಿಲ್ಲ. ಕರೆದಿದ್ದರೂ ಬರುತ್ತಿರಲಿಲ್ಲ.

ಎಂಟನೆಯ ದಿನ ಮಿರಜದಲ್ಲಿ ಲೇಸರ್ ಆಯಿತು. ಬಲಗಣ್ಣು ಇದ್ದಂತೆಯೇ ಉಳಿಯಿತು. ಎಡಗಣ್ಣಿನಲ್ಲಿ ಅಂಚಿನ ಒಂದಿಷ್ಟು ಬೆಳಕು ಉಳಿಯಿತು. ನಾಲ್ಕು ವರ್ಷ ಮೊದಲೇ ಬಂದಿದ್ದರೆ ಎಂದು ಬಾಯಿಯವರು ಶುರು ಮಾಡಿ, ಮಾಸ್ತರರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು. ಮಾಸ್ತರರ ಐದು ಹದಿನೇಳುಗಳನ್ನು ಅಧ್ಯಯನದ ಪಟ್ಟಿಯಿಂದ ತೆಗೆದುಹಾಕಿದರಂತೆ.

ಈಗ ಐದು ವರ್ಷವಾಯಿತು. ಅಂಗಡಿ ಇದೆ. ಮಾಸ್ತರರು ಕತ್ತರಿಸುವುದಿಲ್ಲ. ಅಳತೆ ತೆಗೆದುಕೊಳ್ಳುತ್ತಾರೆ, ಟೇಪಿನಿಂದಲೇ. ಅಂಕಿಯನ್ನು ಭಾಭಿ ಓದಿ ಬರೆದುಕೊಳ್ಳುತ್ತಾರೆ. "ಟೇಪು ಇರೂದು ಕಣ್ಣಿಲ್ಲದವರಿಗೆ" ಎಂದು ಈಗಲೂ ಹೇಳುತ್ತಾರೆ, ಗಿರಾಕಿ ನೆನಪು ಮಾಡುವುದಕ್ಕಿಂತ ಮೊದಲೇ. ಬಟ್ಟೆಗಳು ಗಂಟು ಕಟ್ಟಿ ಬಸ್ಸಿನಲ್ಲಿ ಸೊರಡಿಗೆ ಹೋಗುತ್ತವೆ, ಹೊಲಿಗೆಯಾಗಿ ಬರುತ್ತವೆ.

ಹೋದ ತಿಂಗಳು ನಾನು ಒಂದು ಕೋಟಿನ ಬಟ್ಟೆ ಒಯ್ದಿದ್ದೆ. ನಿವೃತ್ತಿಯ ಸಮಾರಂಭಕ್ಕೆ ಇನ್ನೂ ಮೂರು ವರ್ಷ ಇದೆ, ಆದರೆ ತಯಾರಿ ಇರಬೇಕಲ್ಲ. ಮಾಸ್ತರರು ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಅರಿವಿ ಚಲೋ ಅದ. ನೀಲಿನೋ, ಕರಿದೋ ಗುರೂಜಿ?"

"ನೀಲಿ."

ಅವರು ಹಿಂದಿನ ಕೋಣೆಯ ಕಡೆ ತಿರುಗಿ ಕೂಗಿದರು. "ಬಿಬಿಜಾನ, ಒಂದೀಟ ಬಂದ ನೋಡು."

"ಗುರೂಜಿ ಹೇಳ್ಯಾರಲ್ಲ ನೀಲಿ ಅಂತ?" ಎಂದರು ಭಾಭಿ ಒಳಗಿನಿಂದಲೇ.

"ಹೇಳ್ಯಾರ. ಗುರೂಜಿಗೆ ಅವತ್ತ ಖಾಲಿ ಸ್ಟೂಲೂ ಕಂಡಿತ್ತು."

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಸೊಂಟದ ಅಳತೆ ಹೇಳುವ ಹಾಗೆ ಹೇಳಿದರು. ಏಳು ವರ್ಷ ಅದನ್ನು ಅವರು ತಿಳಿದುಕೊಂಡೇ ಇದ್ದರು. ನಾನು ಹೇಳುತ್ತೇನೇನೋ ಎಂದು ಕಾಯ್ದಿದ್ದರೋ ಏನೋ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾಭಿ ಬಂದು, ಬಟ್ಟೆಯನ್ನು ಬಾಗಿಲ ಬಿಸಿಲಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನೀಲಿನ ಅದ" ಎಂದರು.

ಆಮೇಲೆಯೇ ಮಾಸ್ತರರು ದಿಂಬಿನಿಂದ ಸೂಜಿ ಕಿತ್ತು, ಬೆರಳಿನಿಂದ ಮೂಲೆಯನ್ನು ಹುಡುಕಿ, ಬಿಳಿ ದಾರದ ಒಂದು ಟಾಕಾ ಹಾಕಿದರು.